ಅಪ್ಪನ ಒಂಟೆ ವ್ಯಾಪಾರ

ನಮ್ಮಪ್ಪ ಜೊತೆಗಿದ್ದರೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ವಿಜಯಪುರದ ಕಡೆಯ ಹಳ್ಳಿಯಲ್ಲಿ ಅಪ್ಪನದು ಕಿರಾಣಿ ಅಂಗಡಿ, ಜೀವ ಮಾತ್ರ ದನದ ಸಂತೆಯಲ್ಲಿ. ಊರಲ್ಲಿ ಯಾರು ಎತ್ತು ಕೊಳ್ಳಲು ಹೊರಟರೂ ಮೈಮೇಲಿನ ಕೂದಲ ಸುಳಿ ನೋಡಲು, ಬೆಲೆ ಇಳಿಸಲು ಅಪ್ಪ ಬೇಕು. ಅಪ್ಪ ಆರಿಸಿದ ಒಂದು ಎತ್ತು ನೇಗಿಲು ಕಂಡರೆ ಮಲಗಿಬಿಡುತ್ತಿತ್ತು, ಅದು ಬೇರೆ ಮಾತು. ಸುಳಿ ಶುದ್ಧವಾಗಿತ್ತು. ನನ್ನನ್ನು ನೋಡಲು ಬಂದ ಗಂಡುಗಳ ನೆತ್ತಿಯನ್ನೂ ಅಪ್ಪ ಬಿಟ್ಟಿರಲಿಲ್ಲ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ನಮ್ಮ ಕಡೆಯ ನಂಬಿಕೆ.

ಇಂಥ ಅಪ್ಪ ಲಂಡನ್ನಿನ ಇಲ್ಫರ್ಡಿನಲ್ಲಿರುವ ನಮ್ಮ ಮನೆಗೆ ಬಂದ.

ಕರೆಯದ ಅಂಗಡಿ

ಬೂಟು ಕೊಡಿಸಲೆಂದು ಸ್ಟ್ರಾಟ್‌ಫರ್ಡಿನ ಮಾಲಿಗೆ ಕರೆದೊಯ್ದೆ. ಅಪ್ಪ ಬೆಲೆ ನೋಡಿ, "ಅರ್ಧಕ್ಕ ಕೇಳವಾ" ಅಂದ. ಕೇಳಿದೆ. ಅಂಗಡಿಯ ಹುಡುಗಿ ನಗುತ್ತ ಬೆಲೆಯ ಚೀಟಿ ತೋರಿಸಿದಳು. "ನಡಿ, ಹೋಗೂಣು" ಎಂದು ಅಪ್ಪ ಎದ್ದೇಬಿಟ್ಟ.

ಸಂತೆಯ ನಿಯಮದ ಪ್ರಕಾರ, ಗಿರಾಕಿ ನಾಲ್ಕು ಹೆಜ್ಜೆ ಹೋಗುವುದರೊಳಗೆ ಮಾರುವವನು ಕರೆಯಬೇಕು. ಅಪ್ಪ ನಿಧಾನವಾಗಿ ನಡೆದ. ಚಪ್ಪಲಿಯಲ್ಲಿ ಹರಳು ಸಿಕ್ಕವರಂತೆ ನಿಂತ. ಕೊನೆಗೆ ಇಡೀ ಮಾಲು ಸುತ್ತಿ ಅದೇ ಅಂಗಡಿಯ ಮುಂದೆ ಬಂದ. ಹುಡುಗಿ ಈಗ ತಾನೇ ಕಂಡವಳಂತೆ "ಹಲೋ" ಎಂದಳು.

ಟ್ರೇನು ಹತ್ತಿದ ಮೇಲೂ ಅಪ್ಪ ಕಿಟಕಿಯಿಂದ ಮಾಲಿನ ಕಡೆ ತಿರುಗಿ ನೋಡಿದ. ಆಮೇಲೆ, "ಕರೀಲೇ ಇಲ್ಲಲ್ಲವಾ. ಇಂಥವ್ರು ವ್ಯಾಪಾರಕ್ಕಂತ ಬಂದು ನಮ್ಮನ್ನ ಹ್ಯಾಂಗ ಆಳಿದ್ರು?" ಅಂದ.

ಟವೆಲ್ಲು

ಅಂದಿನಿಂದ ಅಪ್ಪ ಸೊರಗಿದ. ಊರಿಗೆ ಮರಳುವುದರೊಳಗೆ ಒಂದಾದರೂ ಖರೇ ವ್ಯಾಪಾರ ಮಾಡಬೇಕು ಅನ್ನುವುದೊಂದೇ ಜಪ. ಬಿಸಿಲಾದರೂ ತಾಗಲಿ ಎಂದು ನಮ್ಮ ಯಜಮಾನರು ರಜೆಗೆ ಗಲ್ಫಿನ ಪ್ಯಾಕೇಜ್ ಬುಕ್ ಮಾಡಿದರು. ಅವರು ಧಾರವಾಡದವರು, ಲಂಡನ್ನಿನದೇ ಪಾರ್ಕ್ ರಾಯಲ್ಲಿನ ಗೋದಾಮಿನಲ್ಲಿ ಮ್ಯಾನೇಜರು. ಗಲ್ಫಿನ ಮುಗಿಲು ಮುಟ್ಟುವ ಕಟ್ಟಡಗಳಿಗೆ ಅಪ್ಪ ಕತ್ತು ಕೂಡ ಎತ್ತಲಿಲ್ಲ. ಕಾರಿನ ಡ್ರೈವರು "ಮರುಭೂಮಿಯ ಕಡೆ ಒಂಟೆ ಸಂತೆ ಇದೆ" ಎಂದದ್ದೇ ತಡ, ಹಿಂದಿನ ಸೀಟಿನಿಂದ ಮುಂದಕ್ಕೆ ಬಂದ.

ತಂತಿ ಬೇಲಿಯ ದೊಡ್ಡಿಗಳ ಸಾಲು, ಹುಲ್ಲಿನ ಪೆಂಡಿಗಳು, ಧೂಳು, ಲದ್ದಿಯ ವಾಸನೆ. ಯಜಮಾನರು ಕರವಸ್ತ್ರ ತೆಗೆದರು. ಅಪ್ಪ ಉದ್ದಕ್ಕೆ ಉಸಿರೆಳೆದು, "ಈಗ ಜೀವ ಬಂತು ನೋಡವಾ" ಅಂದ.

ಒಂದು ಎಳೆಯ ಗಂಡು ಒಂಟೆಯ ಪಕ್ಕ ಬಿಳಿಗಡ್ಡದವನೊಬ್ಬ ನಿಂತಿದ್ದ. ಅವನದು ಉರ್ದು. ಅಪ್ಪನ ವಿಜಯಪುರದ ಉರ್ದು ಅವನಿಗೆ ಅರ್ಧ ತಿಳಿಯಿತು, ಉಳಿದರ್ಧಕ್ಕೆ ಕೈಗಳಿದ್ದವು. ನಮ್ಮ ಸಂತೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು, ಕೈಗೆ ಹೊದಿಸಿಕೊಂಡು, ಗಂಭೀರವಾಗಿ ಮುಂದೆ ಚಾಚಿದ.

ಗಡ್ಡದವನಿಗೆ ಕಣ್ಣು ತುಂಬಿ ಬಂತು. ಟವೆಲ್ಲು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ತನ್ನ ಹೆಗಲಿಗೆ ಹಾಕಿಕೊಂಡು, ಅಪ್ಪನಿಗೆ ಒಂಟೆ ಹಾಲು ತರಿಸಿದ. ವ್ಯಾಪಾರ ಶುರುವಾಗುವ ಮೊದಲೇ ಅಪ್ಪನಿಗೆ ಒಂದು ಟವೆಲ್ಲು ನಷ್ಟ.

ಕರೆದ

ಟವೆಲ್ಲು ಹೋದ ಮೇಲೆ ಬಾಯಿಮಾತೇ ಗತಿ. ಅವನು ಬೆಲೆ ಹೇಳಿದ. ಕೊಳ್ಳುವ ಮಾತಿಲ್ಲವಲ್ಲ ಎಂಬ ಧೈರ್ಯದಿಂದ ಅಪ್ಪ ಅದರ ಕಾಲುಭಾಗಕ್ಕೆ ಕೇಳಿದ. ಅವನು ಆಕಾಶ ನೋಡಿದ. ಅಪ್ಪ "ನಡಿಯವಾ" ಎಂದು ಹೊರಟ.

ನಾಲ್ಕನೆಯ ಹೆಜ್ಜೆಗೆ ಹಿಂದಿನಿಂದ ದನಿ ಬಂತು. "ಭಾಯಿಸಾಬ್!"

ಅಪ್ಪ ತಿರುಗಿದ. ಆ ಮುಖದಲ್ಲಿ ಅಂಥ ಬೆಳಕನ್ನು ನನ್ನ ಮದುವೆಯ ದಿನವೂ ನೋಡಿರಲಿಲ್ಲ. ದಾಪುಗಾಲಲ್ಲಿ ಹೋಗಿ ಅವನ ಕೈ ಮೇಲೆ ಕೈ ಹಾಕಿದ. ವ್ಯಾಪಾರ ಕುದುರಿತು.

"ಅಪ್ಪಾ, ನಮಗ ಒಂಟಿ ಯಾಕ?"

"ಒಂಟಿ ಯಾರಿಗೆ ಬೇಕವಾ. ಅವ ಕರದನಲ್ಲ!"

ಸುಳಿ

ಯಜಮಾನರು ನನ್ನನ್ನು ಬದಿಗೆ ಕರೆದು, "ಇದನ್ನ ಹೆಂಗ ಒಯ್ಯೂದು? ಕ್ಯಾಬಿನ್ ಬ್ಯಾಗಿನ್ಯಾಗ?" ಅಂದರು. ಬೇಡವೆಂದು ಹೇಳಿಬಿಡು ಎಂದೆ ಅಪ್ಪನಿಗೆ. ಅಪ್ಪನ ಮುಖ ಕಪ್ಪಿಟ್ಟಿತು. "ಕೈ ಮ್ಯಾಲೆ ಕೈ ಹಾಕಿ ಹಿಂದ ಸರದವ ಅಲ್ಲ ನಾ. ಇಷ್ಟು ವರ್ಷ ಕಾಯ್ದ ಮಾತು ಉಸುಕಿನ್ಯಾಗ ಹುಗೀಲೇನು?"

ಮಾತೂ ಉಳಿಯಬೇಕು, ಒಂಟೆಯೂ ಇಲ್ಲಿಯೇ ಉಳಿಯಬೇಕು. ಅದಕ್ಕೆ ಒಂದೇ ದಾರಿಯಿತ್ತು. ಸುಳಿ ಕೆಟ್ಟಿದ್ದರೆ ಕುದುರಿದ ವ್ಯಾಪಾರವನ್ನೂ ಬಿಡಬಹುದು. ಅಪ್ಪ ಕನ್ನಡಕ ಏರಿಸಿಕೊಂಡು ಒಂಟೆಯ ಹಣೆ, ಎದೆ, ಡುಬ್ಬ, ಪಕ್ಕೆ ಎಲ್ಲ ಸೋಸಿದ. ಇವನೆಂಥ ತಿಳಿವಳಿಕೆಯ ಗಿರಾಕಿ ಎಂದು ಗಡ್ಡದವನಿಗೆ ಹೆಮ್ಮೆ, ತಾನೇ ಬಾಲ ಎತ್ತಿ ಹಿಡಿದ.

ಅಪ್ಪ ಬೆವರು ಒರೆಸಲು ಹೆಗಲು ತಡವಿದ. ಟವೆಲ್ಲು ಇರಲಿಲ್ಲ. ಅಳುವ ದನಿಯಲ್ಲಿ ಅಂದ, "ಮೈತುಂಬ ಲಕ್ಷಣ ಐತವಾ. ಹಾಳಾದ್ದು ಒಂದೂ ಕೆಟ್ಟ ಸುಳಿ ಇಲ್ಲ."

ಫೋಟೋ

ಆಗ ಗಡ್ಡದವನೇ ಕೇಳಿದ, "ಎಲ್ಲಿಗೆ ಒಯ್ತೀರಿ?"

"ಲಂಡನ್ನಿಗೆ" ಅಂದ ಅಪ್ಪ, ಸೋತ ದನಿಯಲ್ಲಿ.

"ಜಾಗ ತೋರಿಸಿ."

ಯಜಮಾನರು ಫೋನಿನಲ್ಲಿದ್ದ ನಮ್ಮ ಹಿತ್ತಲಿನ ಫೋಟೋ ತೋರಿಸಿದರು. ಬಟ್ಟೆ ಒಣಹಾಕುವ ಕಂಬ, ಕೌನ್ಸಿಲ್ಲಿನ ಕಸದ ಡಬ್ಬಿಗಳು, ಮಳೆ. ಅವನು ಬೆರಳಿಂದ ಫೋಟೋ ಹಿಗ್ಗಿಸಿದ. ಜಾಗ ಹಿಗ್ಗಲಿಲ್ಲ.

"ಇಷ್ಟೇನಾ? ಬಿಸಿಲು?"

"ಜುಲೈ ಕಡೆ ಬರತದ" ಅಂದರು ಯಜಮಾನರು.

"ಹಗಲು ಇವನ ಜೊತೆ ಯಾರಿರ್ತಾರೆ?"

"ಯಾರೂ ಇಲ್ಲ. ಇಬ್ಬರೂ ಕೆಲಸಕ್ಕ ಹೋಗ್ತೀವಿ. ಪಕ್ಕದ ಮನ್ಯಾಗ ಒಂದು ಬೆಕ್ಕು ಅದ."

ಅವನು ಒಂಟೆಯ ಕುತ್ತಿಗೆ ಸವರಿದ. ಫೋನು ಮರಳಿಸಿದ, ಹೆಗಲ ಮೇಲಿನ ಟವೆಲ್ಲನ್ನೂ ಅಪ್ಪನಿಗೆ ಮರಳಿಸಿದ. "ತಪ್ಪು ತಿಳೀಬೇಡಿ. ಇವನನ್ನು ಕೈಯಾರೆ ಬೆಳೆಸಿದ್ದೇನೆ. ಇಂಥ ಕಡೆ ಕೊಡಲಾರೆ."

ಅಪ್ಪನ ಮಾತು ಉಳಿಯಿತು, ರಜೆ ಉಳಿಯಿತು. ಆದರೂ ಯಜಮಾನರ ಮುಖ ಸಣ್ಣಗಾಯಿತು. ಮಾರ್ಟ್‌ಗೇಜ್ ಸಾಲ ಇನ್ನೂ ತೀರದ ಮನೆಯನ್ನು ಗಡ್ಡದವನು ಒಂಟೆಗೂ ಬೇಡ ಅಂದಿದ್ದ.

ಹಿತ್ತಲು

ಇಲ್ಫರ್ಡಿಗೆ ಮರಳುವವರೆಗೆ ಅಪ್ಪ ಟವೆಲ್ಲನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದ. ವ್ಯಾಪಾರ ತಪ್ಪಿದ ದುಃಖ ಅಂದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಜಿಟಿಜಿಟಿ ಮಳೆಯಲ್ಲಿ, ತಲೆಗೆ ಅದೇ ಟವೆಲ್ಲು ಸುತ್ತಿಕೊಂಡು, ಹಿತ್ತಲಲ್ಲಿ ಕಸದ ಡಬ್ಬಿಗಳ ನಡುವೆ ನಿಂತಿದ್ದ.

"ಏನವಾ, ಇಲ್ಲಿ ಬಿಸಿಲು ಎಲ್ಲಿಂದ ಬರತೈತಿ?"

"ಹೇಳಿದ್ರಲ್ಲ ಅಪ್ಪಾ, ಜುಲೈ ಕಡೆ."

"ನೀ ಹೊಸದಾಗಿ ಬಂದಾಗ ಹಗಲೆಲ್ಲಾ ನಿನ್ನ ಜೊತಿ ಯಾರಿರತಿದ್ರು?"

ಆ ಹೊಸ ದಿನಗಳಲ್ಲಿ ಯಾರೂ ಇರುತ್ತಿರಲಿಲ್ಲ, ಅದನ್ನು ಯಾರೂ ಕೇಳಿಯೂ ಇರಲಿಲ್ಲ. ಅಳುವ ಬದಲು ಜಗಳ ತೆಗೆದೆ. "ಈಗ ಕೇಳಾಕ ಬಂದಿ. ಹುಡುಗ ಲಂಡನ್‌ದಾಗ ಅದಾನ ಅಂದಕೂಡಲೇ ಟವೆಲ್ಲು ಸುದ್ದಾ ಹಾಕಲಾರದ ಕೈ ಮ್ಯಾಲೆ ಕೈ ಹಾಕಿದ್ದಿ. ಮನಿ ಫೋಟೋ ಒಂದರೆ ಕೇಳಿದ್ಯಾ?"

ಚಹಾ ಹಿಡಿದು ಬಂದ ಯಜಮಾನರು, "ಕೇಳಲಿಲ್ಲ, ಛಲೋ ಆತು ಬಿಡ್ರಿ ಮಾವಾರ. ಆಗ ಈ ಮನೀನೂ ಇರಲಿಲ್ಲ. ನಾಲ್ಕು ಮಂದಿ ಒಂದ ಖೋಲ್ಯಾಗ ಇದ್ವಿ" ಅಂದರು.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ತಪ್ಪಿತಸ್ಥನಂತೆ ಅಂದ, "ಮನಿ ನೋಡಲಿಲ್ಲ, ಖರೇನ. ಆದ್ರ ಸುಳಿ ನೋಡಿದ್ದೆ ಮಗಳ. ಅಳಿಯಂದ್ರ ತಲ್ಯಾಗ ಒಂದ ಸುಳಿ ಇತ್ತು."

ಹಾಗೆಂದು ಸಾಕ್ಷಿ ತೋರಿಸಲು ಅಳಿಯನ ಕಡೆ ತಿರುಗಿದ. ಯಜಮಾನರ ನೆತ್ತಿ ಬೋಳಾಗಿ ವರ್ಷಗಳೇ ಆಗಿವೆ. ಮಳೆಹನಿಗಳು ಅದರ ಮೇಲೆ ಬಿದ್ದು ನಿಲ್ಲದೆ ಜಾರುತ್ತಿದ್ದವು. ಅಪ್ಪ ಒಂದು ಗಳಿಗೆ ನೋಡಿ, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಅದರ ಮೇಲೆ ಹಾಕಿದ.

"ಮುಚ್ಚಿಕೋರಿ ಅಳಿಯಂದ್ರ. ಆ ಗಡ್ಡದಾವ ನೋಡಿದ್ರ ಮಗಳನ್ನೂ ವಾಪಸ್ ಒಯ್ಯಿ ಅಂತಿದ್ದ."