ಕ್ಯಾರವಾನಿನಲ್ಲಿ ಮುನಿಸಿಗೆ ಜಾಗವಿಲ್ಲ

ವಾರಕ್ಕೊಮ್ಮೆ ಸಿಗುವ ಗಂಡನಷ್ಟು ಒಳ್ಳೆಯವನು ಪ್ರಪಂಚದಲ್ಲಿ ಇನ್ನೊಬ್ಬನಿಲ್ಲ. ಗುರುವಾರ ಸಂಜೆ ಬರುತ್ತಾನೆ, ಶುಕ್ರವಾರ ಮೀನುಸಾರು ಉಂಡು ಹೊಗಳುತ್ತಾನೆ, ಶನಿವಾರ ಮಧ್ಯಾಹ್ನ ಹೊರಟುಹೋಗುತ್ತಾನೆ. ಜಗಳವಾಡೋಣವೆಂದರೂ ಅದು ಹದಕ್ಕೆ ಬರುವಷ್ಟರಲ್ಲಿ ಅವನು ಬ್ಯಾಗು ಹೆಗಲಿಗೇರಿಸಿ ಲಿಫ್ಟಿನ ಮುಂದೆ ನಿಂತಿರುತ್ತಾನೆ. ಉಳಿದದ್ದನ್ನು ಮುಂದಿನ ವಾರಕ್ಕೆ ಎತ್ತಿಟ್ಟರೆ ಅಷ್ಟರಲ್ಲಿ ಹಳಸಿಹೋಗಿರುತ್ತದೆ. ನಿಮ್ಮ ಸಂಸಾರ ಇಷ್ಟು ಚೆಂದ ಹೇಗೆ ಎಂದು ಯಾರಾದರೂ ಕೇಳಿದರೆ ನಾನು "ಹೊಂದಾಣಿಕೆ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಹೊಂದಾಣಿಕೆಯೂ ಇಲ್ಲ, ಎಂತದೂ ಇಲ್ಲ. ನಡುವೆ ಒಂದಷ್ಟು ಮರುಭೂಮಿ ಇತ್ತು, ಅಷ್ಟೇ.

ನಮ್ಮವರ ಹೆಸರು ಸದಾನಂದ. ಸೌದಿಯ ಅಲ್ ಖರ್ಜ್‌ನ ಒಂದು ಹಾಲಿನ ಕಾರ್ಖಾನೆಯಲ್ಲಿ ಕೋಲ್ಡ್ ರೂಮುಗಳನ್ನು ನೋಡಿಕೊಳ್ಳುವ ಇಂಜಿನಿಯರ್. ನಾನು ಅಲ್ ಖೋಬರ್‌ನಲ್ಲಿ ಶಾಲಾ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಮೊದಲು ನನ್ನ ಕೆಲಸ, ಆಮೇಲೆ ಮಗಳ ಓದು ಎಂದು ಮನೆ ಖೋಬರ್‌ನಲ್ಲೇ ಉಳಿಯಿತು. ಇವರು ಕಂಪನಿ ಕೊಟ್ಟ ಕ್ಯಾಂಪಿನ ಒಂಟಿ ಕೋಣೆಯಲ್ಲಿ ಉಳಿದರು. ಮದುವೆಯಾದ ಹೊಸದರಲ್ಲಿ "ಸ್ವಲ್ಪ ದಿನ ಹೀಗೆ" ಎಂದುಕೊಂಡದ್ದು ಇವರ ಮೀಸೆ ನರೆಯುವವರೆಗೆ ಹಾಗೇ ನಡೆಯಿತು. ಈ ವರ್ಷ ಇವರು ಕೆಲಸ ಬಿಟ್ಟರು, ನಾನೂ ಬಿಟ್ಟೆ. ಇಲ್ಲಿ ವಾಸವಿರಲು ಕೊಡುವ ಪರವಾನಗಿ, ಇಕಾಮಾ, ಮುಗಿಯಲು ಇನ್ನೂ ಕೆಲವು ತಿಂಗಳಿತ್ತು. ಅದು ಮುಗಿದ ಮೇಲೆ ಕುಂದಾಪುರಕ್ಕೆ ಹೋಗಿ, ವಾರದ ಏಳೂ ದಿನ ಒಂದೇ ಸೂರಿನಡಿ ಇರಬೇಕು. ಅದನ್ನು ನೆನೆದಾಗಲೆಲ್ಲ ಪರೀಕ್ಷೆಗೆ ಓದದೆ ಬಂದ ಹುಡುಗಿಯ ಸ್ಥಿತಿ ನನ್ನದು.

ಆಗಲೇ ಮಗಳು ಒಂದು ಫೋಟೋ ಕಳಿಸಿದಳು. ಅವಳು ಪರ್ತ್‌ನಲ್ಲಿ ನರ್ಸ್. ಅವಳ ಪಕ್ಕದ ಮನೆಯ ಮುದುಕ ಮುದುಕಿ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಆಸ್ಟ್ರೇಲಿಯಾದ ಕಡಲಂಚಿನಲ್ಲಿ ತಿಂಗಳುಗಟ್ಟಲೆ ತಿರುಗಲು ಹೊರಟಿದ್ದರಂತೆ. ಇವರು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು, ಚಿಕ್ಕದು ಮಾಡಿ ನೋಡಿದರು. ಆಮೇಲೆ, "ಆಸ್ಟ್ರೇಲಿಯಾವೇ ಆಗಬೇಕಂತ ಎಂತ ಉಂಟು? ನಮ್ಮಲ್ಲಿ ಕೆಂಪು ಸಮುದ್ರ ಇಲ್ವಾ?" ಎಂದರು.

"ಹುಟ್ಟಿದ್ದು ಕಡಲ ಬದಿ, ಬದುಕಿದ್ದು ಕಡಲ ಬದಿ, ಇನ್ನು ಹೋಗುವುದೂ ಕಡಲ ಬದಿಗೇ. ಮಧ್ಯದಲ್ಲಿ ಪುನಃ ಕಡಲು ನೋಡ್ಲಿಕ್ಕೆ ಹೋಗುದಾ?" ಎಂದೆ.

"ಕೂತು ನೋಡುದು ಬೇರೆ, ಹೋಗ್ತಾ ಹೋಗ್ತಾ ನೋಡುದು ಬೇರೆ ಮಾರಾಯ್ತಿ."

ಕೆಂಪು ಸಮುದ್ರದ ದಡದ ಯನ್ಬುವಿನಲ್ಲಿದ್ದ ಇವರ ಹಳೆಯ ಸಹೋದ್ಯೋಗಿಯೊಬ್ಬರ ಹತ್ತಿರ ಕ್ಯಾರವಾನ್ ಇತ್ತು. ಅವರು ಅದನ್ನು ಚಳಿಗಾಲ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದುಬಿಟ್ಟರು. ನಾವು ಖೋಬರ್‌ನಿಂದ ಕಾರಿನಲ್ಲಿ ಮರುಭೂಮಿ ದಾಟಿ ಯನ್ಬುವಿಗೆ ಹೋಗಿ, ಕಾರಿನ ಬಾಲಕ್ಕೆ ಆ ಬಿಳಿ ಪೆಟ್ಟಿಗೆಯನ್ನು ಕಟ್ಟಿಕೊಂಡು, ಉತ್ತರಕ್ಕೆ ಹಖ್ಲ್ ಎಂಬ ತುದಿಯ ಊರಿನವರೆಗೆ ಕಡಲಂಚು ಹಿಡಿದು ಹೋಗುವುದು ಎಂದಾಯಿತು.

ಕ್ಯಾರವಾನಿನ ಒಳಗೆ ಕಾಲಿಟ್ಟ ಕ್ಷಣದಲ್ಲೇ ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಖೋಬರ್‌ನ ನಮ್ಮ ಮನೆಯಲ್ಲಿ ಇವರಿಗೆ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಅಲ್ಲಿ ಇವರು ಮರ್ಯಾದೆಯ ನೆಂಟ. ಟವೆಲ್ ಬೇಕಾದರೂ ಕೇಳಿ ಪಡೆಯಬೇಕು. ಆದರೆ ಈ ಕ್ಯಾರವಾನ್ ಇದೆಯಲ್ಲ, ಇದು ಥೇಟ್ ಕ್ಯಾಂಪಿನ ಕೋಣೆ. ಒಂದು ಮಂಚ, ಒಂದು ಒಲೆ, ಬೆಂಕಿಪೆಟ್ಟಿಗೆಯಷ್ಟು ಬಚ್ಚಲು. ಇಂಥ ಗೂಡಿನಲ್ಲಿ ಬದುಕುವುದನ್ನು ಇವರು ಅರ್ಧ ಆಯುಷ್ಯ ಕಲಿತಿದ್ದಾರೆ. ಒಳಹೊಕ್ಕ ಅರ್ಧ ಗಂಟೆಯಲ್ಲಿ ಕೊಕ್ಕೆಗಳನ್ನು ಸಿಕ್ಕಿಸಿ, ಹಗ್ಗ ಕಟ್ಟಿ, ಚಮಚಕ್ಕೊಂದು ಜಾಗ, ಸೋಪಿಗೊಂದು ಜಾಗ ಮಾಡಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. ಇಡೀ ಜೀವಮಾನದಲ್ಲಿ ಮೊದಲ ಸಲ ನಾನು ನನ್ನ ಗಂಡನನ್ನು "ಸಕ್ಕರೆ ಎಲ್ಲಿ?" ಎಂದು ಕೇಳಬೇಕಾಯಿತು.

ಕೇಳುವುದನ್ನಾದರೂ ಸಹಿಸಬಹುದು. ಹೇಳಿಸಿಕೊಳ್ಳುವುದನ್ನು ಟೀಚರುಗಳು ಸಹಿಸುವುದಿಲ್ಲ. "ಆ ಲೋಟ ಅಲ್ಲಿಡುದಲ್ಲ." "ಎರಡು ಪಾತ್ರೆ ಎಂತಕ್ಕೆ, ಒಂದರಲ್ಲೇ ಆಗ್ತದಲ್ಲ." "ನೀರು ಅಷ್ಟು ಬಿಡ್ಬಾರ್ದು." ಅನ್ನ ಮಾಡಿದ ಪಾತ್ರೆಯಲ್ಲೇ ಸಾರು, ಸಾರು ಮಾಡಿದ ಪಾತ್ರೆಯಲ್ಲೇ ಚಹಾ. ಚಹಾದಲ್ಲಿ ಒಗ್ಗರಣೆಯ ಸಾಸಿವೆ ತೇಲಿದರೆ "ಅದು ಆರೋಗ್ಯಕ್ಕೆ ಒಳ್ಳೇದು" ಎಂಬ ಸಮಾಧಾನ ಬೇರೆ. ನಾನು ತಂದಿದ್ದ ತೆಂಗಿನಕಾಯಿ ಹೆರೆಯುವ ಮಣೆಯನ್ನು ಇವರು ಗಾಯಗೊಂಡ ಪ್ರಾಣಿಯನ್ನು ನೋಡುವ ಹಾಗೆ ನೋಡಿ, ಕಾರಿನ ಡಿಕ್ಕಿಯಲ್ಲಿ ಮಲಗಿಸಿದರು. ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಮಂಚ ಹತ್ತಬೇಕಾದ ಆ ಜಾಗದಲ್ಲಿ, ಎರಡನೆಯ ದಿನದ ಹೊತ್ತಿಗೆ ನಮ್ಮಿಬ್ಬರ ಮೊಣಕೈಗಳಿಗೂ ಪರಸ್ಪರ ದ್ವೇಷ ಹುಟ್ಟಿತ್ತು.

ಸಿಟ್ಟು ಬಂದರೆ ಖೋಬರ್‌ನಲ್ಲಿ ನಾನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬಾಗಿಲು ಹಾಕಿದ ಸದ್ದಿಗೇ ಅರ್ಧ ಸಿಟ್ಟು ಇಳಿಯುತ್ತಿತ್ತು. ಕ್ಯಾರವಾನಿನಲ್ಲಿ ಮುನಿಸಿಕೊಳ್ಳಲು ಎಲ್ಲಿದೆ ಜಾಗ? ಮೂತಿ ತಿರುಗಿಸಿದರೆ ಒಲೆ, ಬೆನ್ನು ತಿರುಗಿಸಿದರೆ ಕನ್ನಡಿ. ಆ ಕನ್ನಡಿಯಲ್ಲಿ ಮತ್ತೆ ಇವರದೇ ಮುಖ, "ಎಂತ ಆಯ್ತು?" ಎಂದು ಕೇಳುತ್ತ.

ಉಮ್ಲುಜ್ ಎಂಬ ಊರು ದಾಟಿದ ಮೇಲೆ ಮಧ್ಯಾಹ್ನದ ಊಟಕ್ಕೆಂದು ಒಂದು ಕಡಲ ಬದಿಯಲ್ಲಿ ನಿಂತೆವು. ನೀಲಿ ನೀರು, ಬಿಳಿ ಮರಳು, ದೂರದಲ್ಲಿ ಚಾಪೆ ಹಾಸಿ ಕೂತ ಒಂದು ಸೌದಿ ಕುಟುಂಬ. ಜಗಳಕ್ಕೆ ಒಂದಿಷ್ಟೂ ತಕ್ಕುದಲ್ಲದ ಜಾಗ. ಉಂಡು ಮುಗಿದ ಮೇಲೆ, "ಇನ್ನು ಸ್ವಲ್ಪ ದೂರ ನಾನು ಓಡಿಸ್ತೇನೆ" ಎಂದೆ. ಈ ದೇಶದಲ್ಲಿ ಹೆಂಗಸರಿಗೆ ಗಾಡಿ ಓಡಿಸಲು ಬಿಟ್ಟ ಮೇಲೆ ಮೊದಲು ಕಲಿತವರಲ್ಲಿ ನಾನೂ ಒಬ್ಬಳು. ದಿನಾ ಶಾಲೆಗೆ ನಾನೇ ಓಡಿಸಿಕೊಂಡು ಹೋಗಿದ್ದೇನೆ.

"ಕ್ಯಾರವಾನ್ ಕಟ್ಟಿದ ಗಾಡಿ ನಿನ್ನಿಂದ ಆಗ್ಲಿಕ್ಕಿಲ್ಲ."

"ಎಂತಕ್ಕೆ ಆಗ್ಲಿಕ್ಕಿಲ್ಲ?"

"ಅದಕ್ಕೆ ಅಂದಾಜು ಬೇಕು. ತಟ್ಟೆ ಇಡ್ಲಿಕ್ಕೇ ನಿನಗೆ ಅಂದಾಜು ಇಲ್ಲ, ಮೂರು ದಿನದಿಂದ ನೋಡ್ತಾ ಇದ್ದೇನೆ."

ಆಮೇಲೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಇವರು "ನಾನು ಸ್ವಲ್ಪ ನಡೆದು ಬರ್ತೇನೆ" ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಕಡಲ ಕಡೆ ಹೋದರು. ನಾನು ಕಾರಿನಲ್ಲಿ ಕೂತು ಬಾಗಿಲನ್ನು ಧಡಾರನೆ ಹಾಕಿದೆ. ಅಬ್ಬಾ, ಕೊನೆಗೂ ಒಂದು ಬಾಗಿಲು! ಕೂತದ್ದು ಡ್ರೈವರ್ ಸೀಟಿನಲ್ಲಿ. ಕೀಲಿ ಅಲ್ಲೇ ಇತ್ತು. ಇವರ ಮೊಬೈಲೂ ಅಲ್ಲೇ ಚಾರ್ಜಿಗೆ ಸಿಕ್ಕಿಸಿತ್ತು. ಸ್ವಲ್ಪ ಹೊತ್ತು ಎದುರಿನ ರಸ್ತೆಯನ್ನೇ ನೋಡುತ್ತ ಕೂತೆ. ಆಗ್ಲಿಕ್ಕಿಲ್ಲವಂತೆ! ನಡೆದು ಬರಲಿ, ಬಂದು ನೋಡಲಿ, ಗಾಡಿ ಇರಬಾರದು. ಹಿಂದೆ ಸಿಕ್ಕಿದ ಪೆಟ್ರೋಲ್ ಪಂಪಿನವರೆಗೆ ಹೋಗಿ ತಿರುಗಿಸಿಕೊಂಡು ಬಂದು ಎದುರಿಗೆ ನಿಲ್ಲಿಸುತ್ತೇನೆ. ಆಗ ಅಂದಾಜು ಯಾರಿಗಿದೆ ಎಂದು ಗೊತ್ತಾಗುತ್ತದೆ.

ಹೊರಟೆ. ಹೇಳಬಾರದು, ಬಹಳ ಚೆಂದ ಹೊರಟೆ. ರಸ್ತೆಗೆ ಹತ್ತುವಾಗ ಒಂದು ಕುಲುಕು, ಅಷ್ಟೇ. ಹಿಂದೆ ಎಂತದೋ ದಡಬಡ ಎಂದಿತು; ಪಾತ್ರೆಗಳಿರಬೇಕು ಎಂದುಕೊಂಡೆ. ಲಾರಿಯೊಂದು ಹಾರ್ನ್ ಹೊಡೆದು ದಾಟಿಹೋಯಿತು, ನಾನೂ ಹೊಡೆದೆ. ಪಂಪಿನ ಹತ್ತಿರ ವಿಶಾಲವಾದ ಜಾಗದಲ್ಲಿ ಇಡೀ ಕ್ಯಾರವಾನನ್ನು ದೋಸೆ ಹುಯ್ದ ಹಾಗೆ ಗುಂಡಗೆ ತಿರುಗಿಸಿದೆ. ನೋಡಲು ಯಾರೂ ಇಲ್ಲವಲ್ಲ ಎಂದು ಆಗಲೇ ಮೊದಲ ಬೇಸರವಾದದ್ದು. ವಾಪಸು ಬರುವಾಗ ಎರಡನೆಯದು ಶುರುವಾಯಿತು. ಇವರ ಹತ್ತಿರ ನೀರಿಲ್ಲ, ಟೋಪಿಯಿಲ್ಲ, ಮೊಬೈಲ್ ಇಲ್ಲ. ಬಿ.ಪಿ. ಮಾತ್ರೆಯೂ ನನ್ನ ಪರ್ಸಿನಲ್ಲೇ. ನಾನು ಸ್ವಲ್ಪ ಜೋರಾಗಿ ಓಡಿಸಿದೆ.

ಅದೇ ಜಾಗ, ಅದೇ ಕಡಲು. ಇವರಿಲ್ಲ. ಮರಳಿನ ಮೇಲೆ ನೀರಿನವರೆಗೆ ಹೋದ ಹೆಜ್ಜೆ ಗುರುತು ಮಾತ್ರ ಇತ್ತು. ಅಲ್ಲಿಂದಾಚೆ ಗುರುತು ಇರಲಿಲ್ಲ, ಅಲೆ ಬಂದು ಒರೆಸಿಬಿಟ್ಟಿತ್ತು. ಪ್ರತಿ ಶನಿವಾರ ಇವರು ಹೊರಟಾಗ ನಾನು ಬಾಲ್ಕನಿಗೆ ಬಂದು ನೋಡಿದವಳೂ ಅಲ್ಲ. ಲಿಫ್ಟಿನ ಬಾಗಿಲು ಮುಚ್ಚಿದ ತಕ್ಷಣ ಒಳಗೆ ಹೋಗಿ ಮಕ್ಕಳ ಉತ್ತರ ಪತ್ರಿಕೆ ತಿದ್ದಲು ಕೂರುತ್ತಿದ್ದೆ, ಗುರುವಾರ ಬಂದೇ ಬರುತ್ತಾರಲ್ಲ ಎಂದು. ಆ ಖಾಲಿ ಮರಳಿನಲ್ಲಿ ನಿಂತಾಗ ಗುರುವಾರ ಎಂಬುದು ಇನ್ನಿಲ್ಲ ಎಂದು ಹೊಳೆಯಿತು.

"ಹ್ವಾಯ್!" ಎಂದು ಕೂಗಿದೆ. ನಮ್ಮ ಕುಂದಾಪುರದ ಕಡೆ ಗಂಡನನ್ನು ಕರೆಯುವುದು ಹಾಗೆಯೇ. ಉತ್ತರವಿಲ್ಲ. ಓಡಿದೆ, ಕೂಗಿದೆ, ಮತ್ತೆ ಓಡಿದೆ. ಕೊನೆಗೆ, ಮದುವೆಯ ದಿನ ಗಂಡನ ಹೆಸರು ಸೇರಿಸಿ ಒಗಟು ಹೇಳುವಾಗಲೂ ನಾಚಿಕೊಂಡು ನುಂಗಿದ್ದ ಹೆಸರನ್ನು ಕೆಂಪು ಸಮುದ್ರಕ್ಕೆ ಕೇಳುವ ಹಾಗೆ ಕಿರುಚಿದೆ: "ಸದಾನಂದಾ!"

ಚಾಪೆಯ ಮೇಲಿದ್ದ ಸೌದಿ ಹಿರಿಯರೂ ಅವರ ಹೆಂಡತಿಯೂ ಎದ್ದು ಬಂದರು. "ಖೈರ್, ಯಾ ಉಖ್ತಿ?" ಎಂದರು, ಎಲ್ಲ ಕ್ಷೇಮವೇನಮ್ಮಾ ಎಂದು. ಇಷ್ಟು ವರ್ಷ ಇದ್ದರೂ ನನ್ನ ಅರಬ್ಬಿ ತರಕಾರಿ ಅಂಗಡಿಯ ಅರಬ್ಬಿ. "ಜೌಜಿ ಮಾಫಿ" ಎಂದೆ. ಗಂಡ ಕಾಣುತ್ತಿಲ್ಲ ಎಂದು ಹೇಳಲು ಹೊರಟದ್ದು. ಆದರೆ ಟೊಮೇಟೊ ಇಲ್ಲ, ಈರುಳ್ಳಿ ಇಲ್ಲ ಎಂದಂತೆ ನನಗೆ ಗಂಡನೇ ಇಲ್ಲ ಎಂದು ಹೇಳಿಬಿಟ್ಟಿದ್ದೆ. ಆ ತಾಯಿಯ ಕಣ್ಣು ತುಂಬಿತು. "ಅಲ್ಲಾಹ್ ಯರ್ಹಮು" ಎಂದು ನನ್ನನ್ನು ತಬ್ಬಿಕೊಂಡರು. ಸತ್ತವರ ಆತ್ಮಕ್ಕೆ ಶಾಂತಿ ಕೋರುವ ಮಾತು ಅದು. ನಾನು "ಲಾ, ಲಾ", ಇಲ್ಲ ಇಲ್ಲ, ಎಂದು ಕೈಯಾಡಿಸಿದಷ್ಟೂ ಅವರು ಬಿಗಿಯಾಗಿ ತಬ್ಬಿಕೊಂಡು, ನನ್ನ ಬಾಯಿಗೆ ಖರ್ಜೂರ ಇಟ್ಟರು. ಬದುಕಿರುವ ಗಂಡನಿಗಾಗಿ ಅಳುತ್ತ ನಾನು ಆ ಖರ್ಜೂರವನ್ನು ತಿಂದೂಬಿಟ್ಟೆ.

ಆಗ ಹಿರಿಯರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಕ್ಯಾರವಾನಿನ ಕಡೆಯಿಂದ ಢಬ್ ಢಬ್ ಎಂದು ಸದ್ದು. ಅದರ ಹಿಂದೆಯೇ ಡಬ್ಬಿಯೊಳಗಿಂದ ಬಂದಂಥ ಕನ್ನಡ: "ಬಾಗಿಲು ತೆಗಿ ಮಾರಾಯ್ತೀ!"

ಆದದ್ದಿಷ್ಟು. ಇವರು ನೀರಿನವರೆಗೆ ಹೋಗಿ, ಕಾಲಿಗೆ ಮರಳು ಮೆತ್ತಿಕೊಂಡಿತೆಂದು ಹಿಂದಿನ ಬದಿಯಿಂದ ಬಳಸಿ ಬಂದು, ಕ್ಯಾರವಾನಿನ ಬಚ್ಚಲು ಹೊಕ್ಕಿದ್ದಾರೆ. ಕಾಲಿಗೆ ಸೋಪು ಹಚ್ಚುವಷ್ಟರಲ್ಲಿ ನೆಲವೇ ಹೊರಟಿದೆ. ಕುಲುಕಿಗೆ ಬಚ್ಚಲಿನ ಹೊರಗೆ ಒರಗಿಸಿದ್ದ ಮಡಚುವ ಕುರ್ಚಿಗಳು ಜಾರಿ ಅದರ ಬಾಗಿಲಿಗೆ ಅಡ್ಡ ಬಿದ್ದಿವೆ. ಬಚ್ಚಲಿಗೆ ಕಿಟಕಿ ಬೇರೆ ಇಲ್ಲ. ಪಂಪಿನವರೆಗೂ, ಪಂಪಿನಿಂದ ಇಲ್ಲಿಯವರೆಗೂ ಇವರು ಕಮೋಡಿನ ಮುಚ್ಚಳದ ಮೇಲೆ ಕೂತು, ಎರಡೂ ಗೋಡೆಗೆ ಕೈಯೊತ್ತಿ ಹಿಡಿದು, ಕೂಗುತ್ತ ಪ್ರಯಾಣ ಮಾಡಿದ್ದಾರೆ.

ಹಿರಿಯರು ಕುರ್ಚಿ ಎಳೆದು ಬಾಗಿಲು ತೆಗೆದರು. ತಲೆಯ ಮೇಲೆ ಗಾಡಿ ತಿರುಗಿಸುವಾಗ ಚೆಲ್ಲಿದ ಶ್ಯಾಂಪೂ, ಕಾಲಲ್ಲಿ ಸೋಪಿನ ನೊರೆ. ಇವರು "ಅಸ್ಸಲಾಮು ಅಲೈಕುಂ" ಎಂದು ಘನತೆಯಿಂದ ಇಳಿದರು. ಆ ತಾಯಿ ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿ, ಬುರ್ಖಾದ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದವರು ನಿಲ್ಲಿಸಲೇ ಇಲ್ಲ. ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕಹ್ವಾ ಬಂತು, ಮತ್ತೆ ಖರ್ಜೂರ ಬಂತು. ನಾನು ಬೈಗುಳಕ್ಕೆ ಕಾದು ಕೂತೆ. ಮಾಡಿದ ಕೆಲಸಕ್ಕೆ ಎಷ್ಟು ಬೈದರೂ ಕಡಿಮೆಯೇ.

ಇವರು ಕಹ್ವಾ ಹೀರಿ, "ಬ್ರೇಕು ಸ್ವಲ್ಪ ಜೋರು ಒತ್ತಿದೆ. ತಿರುಗಿಸಿದ್ದು ಮಾತ್ರ ಒಳ್ಳೇದಾಗಿತ್ತು" ಎಂದರು. ಆಮೇಲೆ ಸಮುದ್ರ ನೋಡುತ್ತ, "ಹೆಸರು ಹಿಡಿದು ಕೂಗಿದ್ದೂ ಕೇಳಿತು" ಎಂದರು. ನಾನು ಇನ್ನೊಂದು ಖರ್ಜೂರಕ್ಕೆ ಕೈ ಹಾಕಿದೆ. ಮೊದಲಿನದರ ಬೀಜ ಇನ್ನೂ ಬಾಯಲ್ಲೇ ಇತ್ತು.

ಅಂದಿನಿಂದ ಗಾಡಿ ಓಡಿಸುವವಳು ನಾನೇ. ಗೆದ್ದೆನೆಂದೇ ಹೇಳಬೇಕು. ಇವರು ಪಕ್ಕದಲ್ಲಿ ಕೂತು, ನೆಲಗಡಲೆ ಸುಲಿಯುತ್ತ, "ಅಲ್ಲಿ ಡಾಲ್ಫಿನ್, ನೋಡು ನೋಡು" ಎನ್ನುತ್ತಾರೆ. ನಾನು ನೋಡುವುದು ರಸ್ತೆ, ಲಾರಿ ಮತ್ತು ಒಂಟೆ. ಲಾರಿ ಬರುವಾಗ ಮಾತಾಡಬೇಡಿ, ಸಿಪ್ಪೆ ಕೆಳಗೆ ಹಾಕಬೇಡಿ ಎಂದು ದಾರಿಯುದ್ದಕ್ಕೂ ಪಾಠ ಮಾಡುತ್ತೇನೆ. ಹೊರಡುವ ಮೊದಲು ಕ್ಯಾರವಾನಿನ ಒಳಗೆ ಹೋಗಿ ಬಚ್ಚಲಿನ ಬಾಗಿಲು ತಟ್ಟಿ, "ಒಳಗಿದ್ದೀರಾ?" ಎಂದು ಕೇಳದೆ ನನಗೆ ಸಮಾಧಾನವಿಲ್ಲ. ಅಷ್ಟು ಹೊತ್ತಿಗೆ ಇವರು ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತಿರುತ್ತಾರೆ. ಕೂತದ್ದನ್ನು ನಾನೇ ನೋಡಿರುತ್ತೇನೆ. ಆದರೂ ತಟ್ಟುತ್ತೇನೆ. "ಎಷ್ಟು ಹೊತ್ತು ಮಾರಾಯ್ತಿ, ನಾನು ಇಲ್ಲೇ ಇದ್ದೇನಲ್ಲ!" ಎಂದು ಕಾರಿನಿಂದ ಇವರು ಕಿರುಚುತ್ತಾರೆ, ನಾನು ಖಾಲಿ ಬಚ್ಚಲಿಗೆ ಇನ್ನೊಮ್ಮೆ ಕಿವಿಗೊಟ್ಟು ನಿಂತಿರುತ್ತೇನೆ.