ಸ್ವಿಚ್ ಆಫ್ ಆದ ಮೇಲಿನ ಮೂರು ನಿಮಿಷ

ಓದಿದ್ದು ಕೆಲಸಕ್ಕೆ ಬಾರದೆ ಹೋದವನಿಗೆ ಉಳಿಯುವ ಸುಖ ಒಂದೇ, ಉಳಿದವರನ್ನು ಹೀಗಳೆಯುವುದು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸೂಪರ್‌ವೈಸರ್ ಆಗಿರುವ ನನಗೆ ಈ ಸುಖಕ್ಕೆ ಎಂದೂ ಬರ ಬಂದಿಲ್ಲ. ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲ್ ಒತ್ತಿದರೆ ಮೇಲಿನಿಂದ ಗುದ್ದು ಬಿದ್ದು ವಾಷರ್ ಉದುರುತ್ತದೆ, ಅದೇ ನಮ್ಮ ಉದ್ಯೋಗ. ಗುದ್ದಿಗೆ ಬಲ ಕೊಡುವುದು ಪಕ್ಕದಲ್ಲಿ ತಿರುಗುವ ದೊಡ್ಡ ಫ್ಲೈವೀಲು. ಸ್ವಿಚ್ ಆಫ್ ಮಾಡಿದರೂ ಆ ಚಕ್ರ ಇನ್ನೂ ಮೂರು ನಿಮಿಷ ತಿರುಗುತ್ತಲೇ ಇರುತ್ತದೆ. ಅಚ್ಚಿನಲ್ಲಿ ತಗಡಿನ ಚೂರು ಸಿಕ್ಕಿಕೊಂಡರೆ ಪ್ರೆಸ್ ನಡೆಸುವ ನಮ್ಮ ಹೆಂಗಸರು ಚಕ್ರ ನಿಲ್ಲುವವರೆಗೂ ಸೊಂಟಕ್ಕೆ ಕೈಯಿಟ್ಟು ಕಾಯುತ್ತಾರೆ. ಅಷ್ಟರೊಳಗೆ ಕೈ ಹಾಕಿದಾಗ ಕಾಲು ಅಪ್ಪಿತಪ್ಪಿ ಪೆಡಲಿಗೆ ತಾಗಿತೋ, ವಾಷರ್ ಜೊತೆ ಬೆರಳೂ ಡಬ್ಬಕ್ಕೆ ಬೀಳುತ್ತದೆ.

ಹೊಸದಾಗಿ ಬಂದ ಮ್ಯಾನೇಜರಿಗೆ ಈ ಕಾಯುವುದು ಕಣ್ಣಿಗೆ ಬಿತ್ತು. ಎಂಬಿಎ ಮಾಡಿದವರು. "ಏನ್ರೀ ಇದು, ಇಷ್ಟೊಂದು ಇನರ್ಷಿಯಾ!" ಎಂದರು. ಮಾರನೆಯ ದಿನವೇ ಕ್ಯಾಂಟೀನ್ ಗೋಡೆಯ ಮೇಲೆ ಕನ್ನಡದಲ್ಲಿ ಬ್ಯಾನರ್: "ಜಡತ್ವ ಬಿಡಿ, ಬೆಳೆಯಿರಿ." ಬಿಡುವುದಂತೆ! ಬಿಡುವುದಕ್ಕೆ ಅದೇನು ಬೀಡಿಯೇ? ತೂಕ ಇರುವುದಕ್ಕೆಲ್ಲ ಜಡತ್ವ ಇದ್ದದ್ದೇ. ಅದನ್ನು ಬಿಡಬೇಕೆಂದರೆ ಸಾಹೇಬರು ಮೊದಲು ತಮ್ಮ ಹೊಟ್ಟೆಯನ್ನು ಬಿಡಬೇಕು.

ಆ 'ಜಡ' ಎಂಬ ಮಾತೇ ಹಾಳು, ನಿಜ. ಕೇಳಿದೊಡನೆ ಮುದ್ದೆ ಉಂಡ ಮಧ್ಯಾಹ್ನ ನೆನಪಾಗುತ್ತದೆ. ನಿಂತದ್ದು ನಿಂತೇ ಇರುತ್ತದೆ ಎಂಬ ಅರ್ಧ ಪಾಠ ಎಲ್ಲರಿಗೂ ಬಾಯಿಪಾಠ. ಹೊರಟದ್ದು ತಡೆಯುವವರಿಲ್ಲದೆ ನಿಲ್ಲುವುದಿಲ್ಲ ಎಂಬ ಇನ್ನರ್ಧವನ್ನು ಪರೀಕ್ಷೆ ಮುಗಿದ ದಿನವೇ ಮರೆತುಬಿಡುತ್ತಾರೆ. ಹಿಂದೆ ಗ್ರೀಸಿನ ಪಂಡಿತನೊಬ್ಬ, ತಳ್ಳುವವರಿದ್ದರೆ ಮಾತ್ರ ವಸ್ತು ಚಲಿಸುತ್ತದೆ ಎಂದ. ಹಾಗಾದರೆ ಬಿಲ್ಲು ಬಿಟ್ಟ ಬಾಣ ಹೇಗಯ್ಯಾ ಹಾರುತ್ತದೆ ಎಂದರೆ, ಹಿಂದಿನಿಂದ ಗಾಳಿ ತಳ್ಳುತ್ತದೆ ಎಂದು ತಿಪ್ಪೆ ಸಾರಿಸಿದ. ಜನ ಶತಮಾನಗಟ್ಟಲೆ ನಂಬಿದರು. ಆಮೇಲೆ ಇಟಲಿಯವನೊಬ್ಬ ಇಳಿಜಾರಿನಲ್ಲಿ ಗುಂಡು ಉರುಳಿಸಿ, ಉಜ್ಜಾಟವೇ ಇಲ್ಲದಿದ್ದರೆ ಇದು ನಿಲ್ಲುವುದೇ ಇಲ್ಲವಲ್ಲ ಎಂದು ಯೋಚಿಸಿದ. ಇಂಗ್ಲೆಂಡಿನವನೊಬ್ಬ ಅದನ್ನೇ ತಿದ್ದಿ ನಿಯಮವಾಗಿ ಬರೆದ. ನಮ್ಮ ಮ್ಯಾನೇಜರು ಮಾತ್ರ ಇನ್ನೂ ಗ್ರೀಸಿನಲ್ಲೇ ಇದ್ದರು. ತಾವು ತಳ್ಳದಿದ್ದರೆ ಪೀಣ್ಯದಲ್ಲಿ ಏನೂ ಅಲುಗುವುದಿಲ್ಲ ಎಂದು ಬಲವಾಗಿ ನಂಬಿದ್ದರು.

ಸೋಮವಾರ ಮಂಗಳಮ್ಮನ ಪ್ರೆಸ್ಸಿನಲ್ಲಿ ಚೂರು ಸಿಕ್ಕಿತು. ಏಳನೇ ಕ್ಲಾಸು ಫೇಲಾದ ಮಂಗಳಮ್ಮ ಹದಿನೈದು ವರ್ಷದಿಂದ ಅದೇ ಪ್ರೆಸ್ಸಿನ ಮುಂದೆ ಕೂತವಳು, ಹತ್ತು ಬೆರಳೂ ನೆಟ್ಟಗಿವೆ. ಸ್ವಿಚ್ ಆಫ್ ಮಾಡಿ ನಿಂತಳು. ಮ್ಯಾನೇಜರು ಸ್ಟಾಪ್‌ವಾಚ್ ಹಿಡಿದುಕೊಂಡು ಬಂದರು.

"ಆಫ್ ಆಯ್ತಲ್ಲಮ್ಮಾ, ಇನ್ನೇನಕ್ಕೆ ಕಾಯ್ತಿದೀರಾ? ಕೈ ಹಾಕಿ ತೆಗೀರಿ. ಏನ್ರೀ ಸೂಪರ್‌ವೈಸರ್, ಸರಿ ತಾನೇ?"

ಎಲ್ಲರೂ ನನ್ನತ್ತ ನೋಡಿದರು. ಗ್ರೀಸಿನಿಂದ ಇಂಗ್ಲೆಂಡಿನವರೆಗಿನ ಪಾಠವೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ತಲೆಯಾಡಿಸುತ್ತಾ ಆಡಿದ್ದು ಮಾತ್ರ "ಕರೆಕ್ಟ್ ಸಾರ್." ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಡಿದ್ದು ಅದನ್ನೇ.

ಮಂಗಳಮ್ಮ ನನ್ನ ಮುಖವನ್ನೊಮ್ಮೆ ನೋಡಿ ಮ್ಯಾನೇಜರತ್ತ ತಿರುಗಿದಳು. "ಸ್ವಿಚ್ಚು ಆಪಾಗಿರೋದು ನಿಮ್ಗೂ ಗೊತ್ತು, ನಂಗೂ ಗೊತ್ತು. ಚಕ್ರಕ್ಕೆ ಗೊತ್ತಾಗ್ಬೇಕಲ್ವಾ ಸಾರ್? ಬೇಕಾದ್ರೆ ಮೊದ್ಲು ನೀವು ಕೈ ಮಡಗಿ ತೋರ್ಸಿ."

ಮ್ಯಾನೇಜರು ಅಚ್ಚನ್ನು ನೋಡಿದರು, ಗಿರಗಿರನೆ ತಿರುಗುತ್ತಿದ್ದ ಚಕ್ರವನ್ನು ನೋಡಿದರು, ತಮ್ಮ ಕೈಯನ್ನು ಜೇಬಿಗೆ ಹಾಕಿಕೊಂಡರು. "ಓಕೆ, ಸೇಫ್ಟಿ ಫಸ್ಟ್" ಎಂದು, ಆ ಮಾತು ತಮ್ಮದೇ ಎಂಬಂತೆ ಎಲ್ಲರಿಗೂ ಹೇಳಿ, ಕ್ಯಾಬಿನ್ನಿಗೆ ನಡೆದು ಬಾಗಿಲು ಹಾಕಿಕೊಂಡರು.

ಚಕ್ರ ನಿಂತಿತು. ಮಂಗಳಮ್ಮ ನಿಧಾನವಾಗಿ ಕೈ ಹಾಕಿ ಚೂರು ತೆಗೆದು, ನನ್ನ ಕಡೆ ನೋಡಿದಳು.

"ಸಾಕು ಬುಡಿ ಸಾರ್, ಅವ್ರು ಆಗ್ಲೇ ಒಂಟೋದ್ರು. ನೀವು ಇನ್ನೂ ತಲೆ ಆಡುಸ್ತಾನೇ ಇದೀರಲ್ಲ!"