ಮಹಾರಾಣಿ ಅಲೆ ನೋಡಲು ಹೋದದ್ದು

"ಎದುರಿಗೆ ಬಂದು ನಿಂತಿರೋದು ಯಾರು ಅಂತ ಇವತ್ತು ಸಮುದ್ರಕ್ಕೂ ಗೊತ್ತಾಗ್ಲಿ!" ಎಂದು ಹಲ್ಲಿನ ಡಾಕ್ಟರು ಕಾಫಿ ಲೋಟ ಕುಕ್ಕಿ ಘೋಷಿಸಿದರು.

"ಹೋಗೋದು ಸರಿ, ವಾಪಸ್ ಬರೋ ಕಥೆ ಹೇಳಿ," ಎಂದರು ಹೆಂಡತಿ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ.

ಎಲ್ಲಕ್ಕೂ ಮೂಲ ಆ ಮಿಷನ್ನು. ಅದು ಮಂಚಕ್ಕೂ ಬೀರುವಿಗೂ ನಡುವೆ ಸಿಕ್ಕಿಕೊಂಡು ಕೂತಿತ್ತು. ಉದ್ದನೆಯ ಪರದೆ ಹೊಲಿಯಬೇಕಾದರೆ ಅರ್ಧ ಬಟ್ಟೆ ಮಂಚದ ಮೇಲೆಯೇ ಹರಡಬೇಕು. ಹೋದ ವಾರ ಮಧ್ಯಾಹ್ನ ಅಲ್ಲಿ ಮಲಗಿದ್ದ ಡಾಕ್ಟರ ಪೈಜಾಮದ ಕಾಲು ಯಾರದೋ ಮನೆಯ ಪರದೆಗೆ ಸೇರಿ ಹೊಲಿದುಹೋಗಿತ್ತು! ಇತ್ತ ದೊಡ್ಡ ಕಿಟಕಿ, ಒಳ್ಳೆಯ ಬೆಳಕು, ಮೇಲೊಂದು ಫ್ಯಾನು ಇದ್ದ ಶೆಡ್ಡಿನಲ್ಲಿ ಮಹಾರಾಣಿ ಪವಡಿಸಿದ್ದಳು. ಮಹಾರಾಣಿ ಎಂದರೆ ಡಾಕ್ಟರಿಗಿಂತ ವಯಸ್ಸಿನಲ್ಲಿ ಹಿರಿಯಳಾದ, ಕೆನೆ ಬಣ್ಣದ, ಗುಂಡು ಕೆನ್ನೆಯ ಹಳೇ ಕಾರು. ಅವಳ ಮುಂಭಾಗದ ಬೆಳ್ಳಿ ಸರಳುಗಳನ್ನು ಡಾಕ್ಟರು ಹಲ್ಲುಜ್ಜುವ ಬ್ರಷ್ಷಿನಿಂದ, ವಸಡಿಗೆ ನೋವಾಗದಂತೆ, ದಿನಾ ಉಜ್ಜುತ್ತಿದ್ದರು. ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೆ ಮಹಾರಾಣಿ ಅಂತಃಪುರ ಬಿಟ್ಟು ಕದಲುತ್ತಿರಲಿಲ್ಲ.

ಹೆಂಡತಿಯ ಬಾಯಲ್ಲಿ ಅವಳ ಹೆಸರು "ನನ್ನ ಸವತಿ".

ಅಂದು ಬೆಳಿಗ್ಗೆ ರೇಡಿಯೋದಲ್ಲಿ ಬಿರುಗಾಳಿಯ ಸುದ್ದಿ ಬಂದದ್ದೇ ತಡ, ಹೆಂಡತಿ ಷರತ್ತು ಹಾಕಿದ್ದರು. "ಮದುವೆಯಾದಾಗಿಂದ ಕೇಳ್ತಾ ಇದೀನಿ, ಬಿರುಗಾಳಿಯ ಅಲೆ ತೋರ್ಸಿ ಅಂತ. ನನ್ನ ಸವತಿ ಇವತ್ತು ಅದನ್ನ ತೋರ್ಸಿ, ಯಾರ ಸಹಾಯವೂ ಇಲ್ದೆ ವಾಪಸ್ ಕರ್ಕೊಂಡು ಬಂದ್ರೆ ಶೆಡ್ಡು ಅವಳಿಗೇ. ಇಲ್ದಿದ್ರೆ ನನ್ನ ಮಿಷನ್ನಿಗೆ. ಏನಂತೀರಿ?"

ಡಾಕ್ಟರು ಕಿಟಕಿಯಾಚೆಯ ಮೋಡ ನೋಡಿದರು. ಆದರೆ ವೀರನಾದವನು ಹಿಂಜರಿಯುವುದುಂಟೇ! ಕಾಫಿ ಲೋಟ ಕುಕ್ಕಿದ್ದು ಆಗಲೇ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಕ್ಲಿನಿಕ್ಕಿನಿಂದ ಜಿಡ್ಡು ಮುಲಾಮಿನ ಡಬ್ಬಿಗಳನ್ನು ಹೊತ್ತು ತಂದರು. ರೋಗಿಗಳ ತುಟಿ ಬಿರಿಯದಿರಲೆಂದು ಹಚ್ಚುವ ಮುಲಾಮು ಅದು. ಬಾನೆಟ್ಟಿಗೆ, ಬಾಗಿಲಿಗೆ, ಬಂಪರಿಗೆ, ಕೊನೆಗೆ ವೈಪರಿನ ರಬ್ಬರಿಗೂ ಬಳಿದರು. "ಹೆದರ್ಬೇಡ ಮಹಾರಾಣಿ, ಏನೂ ಆಗಲ್ಲ," ಎಂದು ಸಮಾಧಾನ ಬೇರೆ! ಒರೆಸಲಿಕ್ಕೆ ಇರಲಿ ಎಂದು ಒಂದು ಕಟ್ಟು ಹತ್ತಿಯನ್ನು ಹೆಂಡತಿಯ ಮಡಿಲಿಗಿಟ್ಟು ಹೊರಟರು.

ಹೊರಟ ಮೇಲೆ ಮಾತ್ರ ಲೋಕವೇ ಬೇರೆಯಾಯಿತು. ಮಹಾರಾಣಿ ಓಡುತ್ತಿರಲಿಲ್ಲ, ತೇಲುತ್ತಿದ್ದಳು. ಅಂಗಡಿಗಳೆಲ್ಲ ಬಾಗಿಲೆಳೆದುಕೊಂಡಿದ್ದವು. ಬೀದಿ ಬೂದುಬಣ್ಣದ ಬೆಳಕಿನಲ್ಲಿ ಅದ್ದಿ ತೆಗೆದಂತಿತ್ತು. ಹಳೇ ಚರ್ಮದ ಸೀಟು ಅಜ್ಜನ ಪೆಟ್ಟಿಗೆಯ ಹಾಗೆ ಘಮಘಮಿಸುತ್ತಿತ್ತು. ಮದುವೆಯ ಹೊಸದರಲ್ಲಿ ಕೂರುತ್ತಿದ್ದಂತೆ ಹೆಂಡತಿ ಕಿಟಕಿಗೆ ತಲೆಯಾನಿಸಿದ್ದರು. ಡಾಕ್ಟರು ಕಣ್ಣಂಚಿನಲ್ಲಿ ನೋಡಿದರು. ಇನ್ನು ಶೆಡ್ಡು ಗೆದ್ದ ಹಾಗೆಯೇ!

ಸಮುದ್ರ ಹತ್ತಿರವಾದಂತೆ ಹನಿ ಬಿತ್ತು. ವೈಪರು ಒಂದು ಸುತ್ತು ಹೊಡೆಯಿತು. ಗಾಜಿನ ತುಂಬ ಮುಲಾಮು! ಹೊರಗಿನ ಜಗತ್ತು ಹಾಲಿನಲ್ಲಿ ಕರಗಿದ ಕನಸಾಯಿತು. ದೀಪದ ಕಂಬ ಕುಲುಕುತ್ತ ಬಂದು ಬಾಗಿ ಹೋಯಿತು.

"ಎಷ್ಟು ಚೆನ್ನಾಗಿದೆ!" ಎಂದರು ಡಾಕ್ಟರು.

"ಏನು ಕಾಣ್ತಿದೆ ಅಂತ ಚೆನ್ನಾಗಿದೆ? ನಿಲ್ಸಿ! ಎಲ್ಲಾ ಕಾರೂ ಇಲ್ಲೇ ಹಿಂದೆ ನಿಂತಿವೆ."

"ಮಹಾರಾಣಿ ಹಿಂದಿನ ಸಾಲಲ್ಲಿ ನಿಲ್ಲೋದೇ?"

"ಮುಂದೆ ಸಮುದ್ರ ಇದೆ ರೀ!"

"ಅದನ್ನೇ ನೋಡೋಕೆ ಬಂದಿದ್ದು!"

ಮಹಾರಾಣಿ ಗಿಡ್ಡ ತಡೆಗೋಡೆಯ ಬುಡದಲ್ಲಿ ಸಮುದ್ರಕ್ಕೆ ಮಗ್ಗುಲು ಕೊಟ್ಟು ನಿಂತಳು. ಹೆಂಡತಿ ಹತ್ತಿಯ ಕಟ್ಟಿನ ಸಮೇತ ಇಳಿದು ಓಡಿ, ಎದುರಿನ ಎತ್ತರದ ಮುಚ್ಚಿದ ಅಂಗಡಿಯ ಜಗಲಿ ಹತ್ತಿದರು. ಅಲ್ಲಿದ್ದ ಜನರೆಲ್ಲ ಅಲೆಯನ್ನು ಬಿಟ್ಟು ಕಾರನ್ನೇ ನೋಡತೊಡಗಿದರು. ಡಾಕ್ಟರು ಒಳಗೇ ಉಬ್ಬಿದರು. ಆದರೆ ಜನ ನೋಡುತ್ತಿದ್ದುದು ಮರಳನ್ನು! ಗಾಳಿಗೆ ಹಾರಿ ಬಂದ ಮರಳೆಲ್ಲ ಮುಲಾಮಿಗೆ ಅಂಟಿ, ಮಹಾರಾಣಿ ಮೈತುಂಬ ಕಂಬಳಿ ಹೊದ್ದ ಕರಡಿಯಂತಾಗಿದ್ದಳು.

"ರೀ, ಒಂದ್ಸಲ ಕಿಟಕಿ ಇಳ್ಸಿ ನೋಡ್ರೀ!" ಹೆಂಡತಿ ಕೂಗಿದರು. ಆ ದನಿಯಲ್ಲಿ ಷರತ್ತಿನ ಸುಳಿವೇ ಇರಲಿಲ್ಲ. ಹುಡುಗಿಯೊಬ್ಬಳ ದನಿ ಅದು.

ಡಾಕ್ಟರು ಕಿಟಕಿ ಇಳಿಸಿದರು.

ದೂರದಲ್ಲಿ ಸಮುದ್ರ ಉಸಿರೆಳೆದುಕೊಂಡಿತು. ನೀರಿನ ಬೆನ್ನು ಮೆಲ್ಲಗೆ ಏಳತೊಡಗಿತು. ಎದ್ದಿತು, ಎದ್ದಿತು, ಏಳುತ್ತಲೇ ಇತ್ತು. ಬುಡದಲ್ಲಿ ಕಪ್ಪು, ನಡುವೆ ಹಸಿರು. ನೆತ್ತಿಯಲ್ಲಿ ತೆಳ್ಳಗಾದ ನೀರಿನ ಹಿಂದೆ ಯಾರೋ ದೀಪ ಹಿಡಿದು ನಿಂತಂಥ ಬೆಳಕು. ಸದ್ದೇ ಇಲ್ಲ. ಡಾಕ್ಟರು ಶೆಡ್ಡು ಮರೆತರು, ಮಹಾರಾಣಿಯನ್ನು ಮರೆತರು. ಅವರ ಬಾಯಿ ತಾನಾಗಿ ತೆರೆದುಕೊಂಡಿತು. ಇಷ್ಟಗಲ ಬಾಯಿ ತೆರೆಯಿರೆಂದು ಅವರು ಎಷ್ಟು ರೋಗಿಗಳ ಬಳಿ ಗೋಗರೆದಿರಲಿಲ್ಲ!

ತೆರೆದ ಬಾಯಿ ಕಂಡರೆ ಸಮುದ್ರ ಸುಮ್ಮನೆ ಬಿಡುತ್ತದೆಯೇ? ಧೊಪ್ಪೆಂದು ಒಳಗೇ ಬಂತು! ಊರಿಗೆಲ್ಲ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತಿದ್ದ ಡಾಕ್ಟರು ಕತ್ತಿನವರೆಗೂ ಮುಕ್ಕಳಿಸಿಕೊಂಡು ಕೂತರು. ಮಹಾರಾಣಿ ಒಮ್ಮೆ ಬಿಕ್ಕಿ ಮೌನಿಯಾದಳು. ಕೀಲಿ ತಿರುಗಿಸಿದರೆ ಗುಳುಗುಳು ಎಂದಳೇ ಹೊರತು ಮಿಸುಕಲಿಲ್ಲ.

ಅಲೆ ಹಿಂದೆ ಸರಿದಾಗ ನೆರವಿಗೆ ಬಂದದ್ದು ಮಂಜುಗಡ್ಡೆ ಸಾಗಿಸುವ ಲಾರಿ. ಡ್ರೈವರು ಇಳಿದವನೇ ಹಲ್ಲು ಕಿರಿದ. ಅದರಲ್ಲೊಂದು ಸಂದಿ.

"ನಮಸ್ಕಾರ ಡಾಕ್ಟ್ರೇ! ಗುರುತು ಸಿಕ್ತಾ? ಈ ದವಡೆ ಹಲ್ಲು ಕಿತ್ತಿದ್ದು ನೀವೇ!"

ಡಾಕ್ಟರು ಸಂದಿಯನ್ನು ಗುರುತಿಸಿದರು. "ನೋಡಪ್ಪಾ, ಮೆಲ್ಲಗೆ ಎಳಿ. ಹಳೇ ಗಾಡಿ..."

ಡ್ರೈವರು ಬಂಪರಿಗೆ ಹಗ್ಗ ಬಿಗಿಯುತ್ತ, ಅಂದು ತಾನು ಕೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದ: "ಹೆದರ್ಬೇಡಿ. ನೋವಾಗಲ್ಲ. ಸ್ವಲ್ಪ ಎಳೆದ ಹಾಗಾಗುತ್ತೆ, ಅಷ್ಟೇ!"

ಲಾರಿ ಗುಡುಗಿತು. ಕರ್ ಎಂದಿತು, ಕಟಕ್ ಎಂದಿತು. ಲಾರಿ ಮುಂದೆ ಹೋಯಿತು, ಅದರ ಹಿಂದೆ ಬಂಪರು ಹೋಯಿತು, ಮಹಾರಾಣಿ ಅಲ್ಲೇ ನಿಂತಳು! ಡ್ರೈವರು ವಾಪಸ್ ಬಂದು ಬಂಪರನ್ನು ಬೆಳಕಿಗೆ ಹಿಡಿದು ನೋಡಿ, "ಬೇರು ಸಮೇತ ಬಂದಿದೆ. ಇನ್ನು ತೊಂದ್ರೆ ಇಲ್ಲ," ಎಂದ.

ಎರಡನೆಯ ಸಲ ಹಗ್ಗವನ್ನು ಅಡಿಯ ಕಬ್ಬಿಣಕ್ಕೇ ಕಟ್ಟಿದರು. ಬೊಚ್ಚುಬಾಯಿಯ ಮಹಾರಾಣಿ ಮರಳಿನ ಕಂಬಳಿ ಹೊದ್ದು, ಬಂಪರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮನೆಯ ದಾರಿ ಹಿಡಿದಳು. ಒದ್ದೆ ಸೀಟಿನಲ್ಲಿ ಕೂತ ಹೆಂಡತಿ ಇನ್ನೂ ಹಿಂದಕ್ಕೆ ತಿರುಗಿ ಸಮುದ್ರವನ್ನೇ ನೋಡುತ್ತಿದ್ದರು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದ ಡಾಕ್ಟರಿಗೆ ಅದನ್ನು ಕಂಡು ಆಸೆ ಚಿಗುರಿತು.

"ನೋಡು, ಅಲೆ ತೋರ್ಸಿದಳೋ ಇಲ್ವೋ? ವಾಪಸ್ ಕರ್ಕೊಂಡು ಬರ್ತಿದಾಳೋ ಇಲ್ವೋ? ನಾಲ್ಕೂ ಚಕ್ರ ಅವಳದ್ದೇ ತಾನೇ ಉರುಳ್ತಿರೋದು? ಹಾಗಾಗಿ ಶೆಡ್ಡಿನ ವಿಷಯ..."

"ಅಲೆ ತುಂಬಾ ಚೆನ್ನಾಗಿತ್ತು ರೀ," ಎಂದರು ಹೆಂಡತಿ, ಕನಸಿನಿಂದ ಎದ್ದವರಂತೆ. "ಅದಕ್ಕೇ ನನ್ನ ಸವತೀನ ಮಾರಿ ಅಂತ ಹೇಳಲ್ಲ. ಅಂಗಳದಲ್ಲಿ ಇರ್ಲಿ, ಮೇಲುಹೊದಿಕೆ ನಾನೇ ಹೊಲಿದು ಕೊಡ್ತೀನಿ. ಶೆಡ್ಡಿನಲ್ಲಿ ಕೂತು."

"ಅಯ್ಯೋ, ನಾನು ಹೇಳೋದನ್ನ ಪೂರ್ತಿ..."

"ಬಾಯಿ ತೆಗೀರಿ."

ಬೇರೆಯವರಿಗೆ ಆ ಮಾತು ಹೇಳಿ ಹೇಳಿ ಅಭ್ಯಾಸವಾಗಿದ್ದ ಡಾಕ್ಟರು ತಬ್ಬಿಬ್ಬಾಗಿ ಬಾಯಿ ತೆರೆದರು. ಹೆಂಡತಿ ಮಡಿಲಿನ ಕಟ್ಟಿನಿಂದ ಒಂದು ಉಂಡೆ ಹತ್ತಿ ಕಿತ್ತು ಒಳಗಿಟ್ಟರು.

"ಗಟ್ಟಿಯಾಗಿ ಕಚ್ಕೊಂಡಿರಿ. ಮನೆ ಬರೋವರೆಗೂ ಮಾತಾಡ್ಬಾರ್ದು. ಉಪ್ಪುನೀರಲ್ಲಿ ಮುಕ್ಕಳಿಸೋದು ಹೇಗೂ ಮುಗಿದಿದೆ!"